ಹಾರುವ ಮುನ್ನ ಎರಡು ಬೆರಳ ಮೇಲೆ

ಭಾನುವಾರ ಬೆಳಿಗ್ಗೆ ಏಳು ಗಂಟೆ. ಊರಾಚೆಯ ಒಣಗಿದ ಕೆರೆಯಂಗಳದಲ್ಲಿ ನಾಲ್ಕಾರು ಹುಡುಗರು, ಇಬ್ಬರು ಅಪ್ಪಂದಿರು, ಒಂದು ಹೊಸ ರೇಡಿಯೊ ವಿಮಾನ. ಒಬ್ಬ ಅದನ್ನು ಕೈಯಿಂದ ಎಸೆಯುತ್ತಾನೆ, ಇನ್ನೊಬ್ಬನ ಹೆಬ್ಬೆರಳುಗಳು ರಿಮೋಟಿನ ಮೇಲಿವೆ. ವಿಮಾನ ಮೂತಿ ಎತ್ತುತ್ತದೆ, ಮತ್ತೂ ಎತ್ತುತ್ತದೆ, ಗಾಳಿಯಲ್ಲಿ ಒಂದು ಕ್ಷಣ ನಿಂತುಬಿಟ್ಟಂತೆ ಕಂಡು, ಪಕ್ಕಕ್ಕೆ ಮಗುಚಿ ನೆಲಕ್ಕೆ ಬೀಳುತ್ತದೆ. ಎಲ್ಲ ಸೇರಿ ಐದಾರು ಸೆಕೆಂಡು. ‘ಗಾಳಿ ಜೋರಿತ್ತು ಬಿಡು’ ಎಂದು ಯಾರೋ ಸಮಾಧಾನ ಹೇಳುತ್ತಾರೆ. ಗಾಳಿ ಜೋರಿರಲಿಲ್ಲ. ಆ ವಿಮಾನದ ಹಣೆಬರಹ ಹಿಂದಿನ ರಾತ್ರಿಯೇ ಮನೆಯ ಮೇಜಿನ ಮೇಲೆ ನಿರ್ಧಾರವಾಗಿತ್ತು. ಬ್ಯಾಟರಿಯನ್ನು ಜಾಗ ಸಿಕ್ಕಲ್ಲಿ ತುರುಕಿ, ಉಳಿದದ್ದನ್ನು ಬೆಳಿಗ್ಗೆ ನೋಡೋಣ ಎಂದು ಎಲ್ಲರೂ ಮಲಗಿದಾಗ.

ರೇಡಿಯೊ ವಿಮಾನ ಕಟ್ಟುವ ಹವ್ಯಾಸದಲ್ಲಿ ಕಲಿಯಬೇಕಾದದ್ದರ ಬಹುಪಾಲು ಆ ಮೇಜಿನ ಮೇಲೆಯೇ ಇದೆ. ನಮ್ಮ ಶಾಲೆ, ಕಾಲೇಜುಗಳು ಮಕ್ಕಳ ಕೈಗೆ ಡ್ರೋನ್ ಕೊಡುವ ಉತ್ಸಾಹದಲ್ಲಿ ಆ ಭಾಗವನ್ನೇ ಬಿಟ್ಟುಬಿಡುತ್ತಿವೆ. ಹಾರಿಸುವುದಕ್ಕಿಂತ ಮೊದಲು ಜೋಡಿಸುವುದನ್ನು, ಜೋಡಿಸಿದ್ದನ್ನು ತೂಗಿ ನೋಡುವುದನ್ನು ಕಲಿಸಬೇಕು. ಅದಕ್ಕೆಂದೇ ಸಮಯ ಇರಬೇಕು, ಅಂಕವೂ ಇರಬೇಕು.

ಕನ್ನಡ ನಾಡಿಗೆ ಇದು ಹೊಸ ವಿದ್ಯೆಯಲ್ಲ. ಆಷಾಢದಲ್ಲಿ ಗಾಳಿಪಟ ಕಟ್ಟಿದವರಿಗೆಲ್ಲ ಗೊತ್ತು: ಕಾಗದ, ಕಡ್ಡಿ, ಅಂಟು ಎಷ್ಟೇ ಚೆನ್ನಾಗಿರಲಿ, ಸೂತ್ರ ಸರಿಯಿಲ್ಲದಿದ್ದರೆ ಪಟ ಏರುವುದಿಲ್ಲ, ಗಿರಗಿರ ಸುತ್ತಿ ಮರಕ್ಕೆ ಸಿಕ್ಕಿಕೊಳ್ಳುತ್ತದೆ. ಸೂತ್ರದ ಗಂಟನ್ನು ಬೆರಳಗಲ ಮೇಲಕ್ಕೋ ಕೆಳಕ್ಕೋ ಸರಿಸಿ, ಬಾಲಂಗೋಚಿಗೆ ಇನ್ನೊಂದು ಚಿಂದಿ ಕಟ್ಟಿ, ಮತ್ತೆ ಎತ್ತಿ ನೋಡುತ್ತಿದ್ದ ಅಜ್ಜಂದಿರು ಮಾಡುತ್ತಿದ್ದದ್ದು ಇದೇ ಕೆಲಸ. ರೇಡಿಯೊ ವಿಮಾನದಲ್ಲಿ ಆ ಗಂಟಿನಷ್ಟೇ ಮುಖ್ಯವಾದದ್ದು ಗುರುತ್ವ ಕೇಂದ್ರ. ಹವ್ಯಾಸಿಗಳ ಬಾಯಲ್ಲಿ ಅದು ‘ಸಿ.ಜಿ.’.

ಸಾಧಾರಣ ತರಬೇತಿ ವಿಮಾನದಲ್ಲಿ ರೆಕ್ಕೆಯ ಮುಂದಂಚಿನಿಂದ ಹಿಂದಂಚಿನವರೆಗಿನ ಅಗಲವನ್ನು ಅಳೆದು, ಮುಂದಂಚಿನಿಂದ ಅದರ ಶೇ 25ರಿಂದ 30ರಷ್ಟು ಹಿಂದೆ ಗುರುತು ಹಾಕುತ್ತಾರೆ. ಅಗಲ 20 ಸೆಂ.ಮೀ. ಇದ್ದರೆ ಗುರುತು 5ರಿಂದ 6 ಸೆಂ.ಮೀ. ಹಿಂದೆ ಬರುತ್ತದೆ. ಬ್ಯಾಟರಿಯೂ ಸೇರಿ, ಹಾರುವಾಗ ಏನೇನಿರುತ್ತದೋ ಎಲ್ಲವನ್ನೂ ಒಳಗಿಟ್ಟು, ಎರಡೂ ರೆಕ್ಕೆಗಳ ಆ ಗುರುತಿಗೆ ಒಂದೊಂದು ತೋರುಬೆರಳು ಕೊಟ್ಟು ವಿಮಾನವನ್ನು ಎತ್ತಬೇಕು. ಅದು ಮಟ್ಟವಾಗಿ, ಇಲ್ಲವೇ ಮೂತಿಯನ್ನು ತುಸುವೇ ತಗ್ಗಿಸಿ ನಿಂತರೆ ಸರಿ. ಬಾಲ ಇಳಿಯಿತೋ, ಅಂದು ಹಾರಿಸುವ ಮಾತೇ ಇಲ್ಲ.

ಯಾಕೆ? ಮೂತಿ ಭಾರವಾದ ವಿಮಾನ ಮೊಂಡು ಎತ್ತಿನಂತೆ. ಬಾಲದ ಚಲಿಸುವ ಹಲಗೆಯಾದ ಎಲಿವೇಟರನ್ನು ಎಷ್ಟು ಎಳೆದರೂ ನಿಧಾನಕ್ಕೆ ಏಳುತ್ತದೆ, ಇಳಿಯುವಾಗ ವೇಗ ಹೆಚ್ಚು ಬೇಡುತ್ತದೆ, ಆದರೆ ಮಾತು ಕೇಳುತ್ತದೆ. ಬಾಲ ಭಾರವಾದದ್ದರ ಕಥೆ ಬೇರೆ. ಸಣ್ಣ ಗಾಳಿಗೆ ಮೂತಿ ಮೇಲೆದ್ದರೆ ಅದು ತಾನಾಗಿ ಕೆಳಗಿಳಿಯುವ ಬದಲು ಇನ್ನೂ ಮೇಲೇಳುತ್ತದೆ. ರೆಕ್ಕೆಯ ಮೇಲೆ ಹರಿಯುವ ಗಾಳಿ ಕಿತ್ತುಹೋಗುತ್ತದೆ, ವಿಮಾನ ಮಗುಚುತ್ತದೆ. ಕೆರೆಯಂಗಳದಲ್ಲಿ ಆ ಹುಡುಗರು ಕಂಡದ್ದು ಇದನ್ನೇ.

ಇಲ್ಲಿ ಬೇಕಾಗುವ ಲೆಕ್ಕ ಹೈಸ್ಕೂಲಿನದು. ಒಂದು ಕಿಲೊ ತೂಕದ ವಿಮಾನದಲ್ಲಿ 180 ಗ್ರಾಂ ಬ್ಯಾಟರಿಯನ್ನು 2 ಸೆಂ.ಮೀ. ಮುಂದೆ ಸರಿಸಿದರೆ ಗುರುತ್ವ ಕೇಂದ್ರ 3.6 ಮಿ.ಮೀ. ಮುಂದೆ ಬರುತ್ತದೆ. ಕೇಂದ್ರದಿಂದ 60 ಸೆಂ.ಮೀ. ಹಿಂದಿರುವ ಬಾಲಕ್ಕೆ ಅಂಟು ಸುರಿದು 10 ಗ್ರಾಂ ಹೆಚ್ಚಿಸಿದರೆ, 20 ಸೆಂ.ಮೀ. ಮುಂದಿರುವ ಮೂತಿಯಲ್ಲಿ 30 ಗ್ರಾಂ ಸೀಸ ಇಡಬೇಕಾಗುತ್ತದೆ. ಪಠ್ಯದಲ್ಲಿ ಉರು ಹೊಡೆದ ಸನ್ನೆಗೋಲಿನ ನಿಯಮ ಇಲ್ಲಿ ಬೆರಳ ತುದಿಗೆ ತಾಗುತ್ತದೆ. ಆದ್ದರಿಂದಲೇ ಅನುಭವಿಗಳು ಬಾಲದ ಕಡೆ ಅಂಟನ್ನು ತೊಟ್ಟು ತೊಟ್ಟಾಗಿ ಬಳಸುತ್ತಾರೆ, ಸೀಸ ಹುಡುಕುವ ಮೊದಲು ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ನೋಡುತ್ತಾರೆ.

ತೂಕ ಹೊಂದಿಸುವ ಈ ವಿದ್ಯೆ ಹಳೆಯದು. 1871ರ ಆಗಸ್ಟ್ 18ರಂದು ಪ್ಯಾರಿಸ್ಸಿನ ಟ್ಯುಲರೀ ಉದ್ಯಾನದಲ್ಲಿ ಅಲ್ಫೋನ್ಸ್ ಪೆನೊ ಎಂಬ 21ರ ತರುಣ ರಬ್ಬರ್ ಎಳೆಯ ಶಕ್ತಿಯಿಂದ ಓಡುವ ಪುಟ್ಟ ವಿಮಾನವೊಂದನ್ನು ಹಾರಿಸಿದ. ತೂಕ 16 ಗ್ರಾಂ. 11 ಸೆಕೆಂಡಿನಲ್ಲಿ ಅದು ಸುಮಾರು 40 ಮೀಟರ್ ಹೋಯಿತು. ಯಾರ ಕೈಯೂ ಮುಟ್ಟದೆ ಅದು ನೇರವಾಗಿ ಹಾರಿತಲ್ಲ, ಅದು ದೊಡ್ಡ ಸಂಗತಿ. ತೂಕದ ಜಾಗವನ್ನು ಮತ್ತು ರೆಕ್ಕೆಗೂ ಬಾಲಕ್ಕೂ ನಡುವಿನ ಕೋನವನ್ನು ಹೊಂದಿಸಿ, ಓಲಾಡಿದರೂ ತಾನಾಗಿ ಸಮಸ್ಥಿತಿಗೆ ಮರಳುವಂತೆ ಪೆನೊ ಅದನ್ನು ಕಟ್ಟಿದ್ದ. ಮುಂದೆ 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟ ಹಾರುವ ಆಟಿಕೆಯೂ ಪೆನೊನ ಮಾದರಿಯದೇ. ಆ ಮಕ್ಕಳು ವಿಲ್ಬರ್ ಮತ್ತು ಆರ್ವಿಲ್ ರೈಟ್.

ತೂಕ ಹೊಂದಿತು ಎಂದರೆ ಮೇಜಿನ ಕೆಲಸ ಮುಗಿಯಿತು ಎಂದಲ್ಲ. ಬಾಲದ ನಡುಬಿಂದುವಿನಿಂದ ಎರಡೂ ರೆಕ್ಕೆಗಳ ತುದಿಗೆ ಒಂದೇ ದಾರ ಹಿಡಿದು ಅಳೆಯಬೇಕು. ಎರಡೂ ಅಳತೆ ಒಂದೇ ಬಂದರೆ ರೆಕ್ಕೆ ಸೊಟ್ಟಗಿಲ್ಲ. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಬಾಲದ ಅಡ್ಡಹಲಗೆ ರೆಕ್ಕೆಗೆ ಸಮಾನಾಂತರವಾಗಿ ಕಾಣಬೇಕು. ಪ್ರೊಪೆಲ್ಲರಿನ ಕೀಲನ್ನೂ ಬಾಲವನ್ನೂ ಹಿಡಿದು ಎತ್ತಿದಾಗ ಒಂದೇ ರೆಕ್ಕೆ ಪದೇ ಪದೇ ಇಳಿದರೆ ಇನ್ನೊಂದರ ತುದಿಗೆ ಚೂರು ಭಾರ ಅಂಟಿಸಬೇಕು.

ಆಮೇಲಿನದು ಮಕ್ಕಳು ಅತಿ ಹೆಚ್ಚು ಎಡವುವ ಜಾಗ: ಚಲಿಸುವ ಹಲಗೆಗಳ ದಿಕ್ಕು. ಪ್ರೊಪೆಲ್ಲರನ್ನು ಬಿಚ್ಚಿಟ್ಟು, ವಿಮಾನದ ಹಿಂದೆ ನಿಂತು, ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಬಲರೆಕ್ಕೆಯ ಹಿಂದಂಚಿನ ಹಲಗೆ, ಅಂದರೆ ಏಲೆರಾನ್, ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ಕಡ್ಡಿಯನ್ನು ತನ್ನತ್ತ ಎಳೆದರೆ ಎಲಿವೇಟರ್ ಮೇಲೇಳಬೇಕು. ಎದುರು ನಿಂತು ನೋಡಿದರೆ ಎಡ ಬಲ ಮನಸ್ಸಿನಲ್ಲಿ ಅದಲುಬದಲಾಗುತ್ತದೆ, ಅದಕ್ಕೇ ಹಿಂದೆಯೇ ನಿಲ್ಲಬೇಕು. ರಿಮೋಟಿನಲ್ಲಿ ಒಂದು ಗುಂಡಿ ಒತ್ತಿದರೆ ಈ ದಿಕ್ಕು ತಿರುವುಮುರುವಾಗುವುದರಿಂದ ತಪ್ಪುವುದೂ ಅಷ್ಟೇ ಸುಲಭ.

ಇದು ಹುಡುಗಾಟದ ತಪ್ಪು ಎಂದುಕೊಳ್ಳುವವರು 2018ರ ನವೆಂಬರ್ 11ನ್ನು ನೆನೆಯಬೇಕು. ಪೋರ್ಚುಗಲ್ಲಿನ ಲಿಸ್ಬನ್ ಬಳಿ ದೊಡ್ಡ ದುರಸ್ತಿ ಮುಗಿಸಿಕೊಂಡು ಹೊರಟ ಏರ್ ಅಸ್ತಾನಾದ ಎಂಬ್ರೇಯರ್ ವಿಮಾನದಲ್ಲಿ ಏಲೆರಾನಿನ ತಂತಿಗಳು ತಿರುವುಮುರುವಾಗಿ ಜೋಡಣೆಯಾಗಿದ್ದವು. ಹೊರಡುವ ಮುಂಚಿನ ಪರೀಕ್ಷೆಗಳಲ್ಲೂ ಅದು ಯಾರ ಕಣ್ಣಿಗೂ ಬೀಳಲಿಲ್ಲ. ನೆಲ ಬಿಟ್ಟೊಡನೆ ವಿಮಾನ ಹೇಳಿದ ಕಡೆಗೆ ವಾಲದೆ ಅಡ್ಡಾದಿಡ್ಡಿ ಉರುಳತೊಡಗಿತು. ಒಳಗಿದ್ದ ಆರು ಜನ ಒಂದು ಗಂಟೆಗೂ ಹೆಚ್ಚು ಕಾಲ ಜೀವ ಕೈಯಲ್ಲಿ ಹಿಡಿದು, ಕೊನೆಗೆ ಬೆಜಾ ವಾಯುನೆಲೆಯಲ್ಲಿ ಹೇಗೋ ಇಳಿದು ಬದುಕಿದರು.

ಅಮೆರಿಕದ ಶಾರ್ಲೆಟ್‌ನಲ್ಲಿ 2003ರ ಜನವರಿ 8ರಂದು ಅಂಥ ಅದೃಷ್ಟ ಇರಲಿಲ್ಲ. ಏರ್ ಮಿಡ್‌ವೆಸ್ಟ್‌ನ ಬೀಚ್‌ಕ್ರಾಫ್ಟ್ 1900ಡಿ ವಿಮಾನದ ಎಲಿವೇಟರ್ ತಂತಿಯ ಬಿಗಿತವನ್ನು ದುರಸ್ತಿಯಲ್ಲಿ ತಪ್ಪಾಗಿ ಹೊಂದಿಸಲಾಗಿತ್ತು. ಮೂತಿ ತಗ್ಗಿಸಲು ಬೇಕಾದಷ್ಟು ಚಲನೆ ಉಳಿದಿರಲಿಲ್ಲ. ಅದರ ಮೇಲೆ ಪ್ರಯಾಣಿಕರ ಮತ್ತು ಸಾಮಾನಿನ ನಿಜವಾದ ತೂಕ ಲೆಕ್ಕಕ್ಕಿಂತ ಹೆಚ್ಚಿದ್ದು, ಗುರುತ್ವ ಕೇಂದ್ರ ಮಿತಿ ಮೀರಿ ಹಿಂದಕ್ಕೆ ಸರಿದಿತ್ತು. ಮೇಲೆದ್ದ ಮೂತಿ ಇಳಿಯಲೇ ಇಲ್ಲ. ವಿಮಾನದಲ್ಲಿದ್ದ 21 ಮಂದಿಯೂ ಸತ್ತರು. ಹಲಗೆ ಪೂರ್ತಿ ಚಲಿಸುತ್ತದೆಯೇ, ತೂಕ ಎಲ್ಲಿ ಕೂತಿದೆ ಎಂಬ ಎರಡೇ ಪ್ರಶ್ನೆಗಳು. ಒಂದು ಕಿಲೊ ತೂಕದ ಥರ್ಮೊಕೋಲ್ ವಿಮಾನದ ಮುಂದೆ ಕೂತ ಹುಡುಗಿ ಕೇಳಿಕೊಳ್ಳಬೇಕಾದದ್ದೂ ಅವೇ ಎರಡು ಪ್ರಶ್ನೆಗಳನ್ನು.

ಕಡೆಯ ಸರದಿ ರೇಡಿಯೊದ್ದು. ಈಗಿನ 2.4 ಗಿಗಾಹರ್ಟ್ಸ್ ರಿಮೋಟುಗಳಲ್ಲಿ ಸಿಗ್ನಲಿನ ಶಕ್ತಿಯನ್ನು ಬೇಕೆಂದೇ ತಗ್ಗಿಸಿ ಪರೀಕ್ಷಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಒಬ್ಬರು ವಿಮಾನ ಹಿಡಿದು ನಿಂತರೆ ಇನ್ನೊಬ್ಬರು ಸುಮಾರು 30 ಹೆಜ್ಜೆ ದೂರ ನಡೆದು, ಹಲಗೆಗಳನ್ನು ಆಡಿಸುವ ಸರ್ವೊಗಳು ತಡವರಿಸದೆ ಓಗೊಡುತ್ತವೆಯೇ ಎಂದು ನೋಡುತ್ತಾರೆ. ಸಿಗ್ನಲ್ ಕಡಿದುಹೋದಾಗ ಮೋಟಾರು ತಾನಾಗಿ ನಿಲ್ಲುತ್ತದೆಯೇ ಎಂಬುದನ್ನೂ ಪ್ರೊಪೆಲ್ಲರ್ ಇಲ್ಲದೆ ಪರೀಕ್ಷಿಸಬೇಕು. ತಿರುಗುವ ಪ್ರೊಪೆಲ್ಲರ್ ಬೆರಳು ಕತ್ತರಿಸಬಲ್ಲದು. ಈ ಮಾತನ್ನು ಪ್ರಯೋಗಾಲಯದ ಗೋಡೆಯ ಮೇಲೆ ಬರೆದು ಹಾಕಿದರೂ ತಪ್ಪಿಲ್ಲ.

ಇಷ್ಟೆಲ್ಲ ಈಗ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಡ್ರೋನಿನೊಳಗಿನ ಗೈರೊ ಮತ್ತು ಪುಟ್ಟ ಕಂಪ್ಯೂಟರು ಸೆಕೆಂಡಿಗೆ ನೂರಾರು ಸಲ ವಾಲಿಕೆಯನ್ನು ಅಳೆದು ಸರಿಪಡಿಸುತ್ತವೆ. ವಿಮಾನಗಳಿಗೂ ಅಂಥ ಗೈರೊಗಳು ಬಂದಿವೆ. ಆ ಮಾತು ನಿಜ. ಅನನುಭವಿಯ ಎಷ್ಟೋ ವಿಮಾನಗಳನ್ನು ಗೈರೊ ಉಳಿಸಿದೆ, ಅದನ್ನು ಬೇಡವೆನ್ನುವುದು ಸರಿಯಲ್ಲ. ಆದರೆ ಗೈರೊ ತಪ್ಪನ್ನು ಅಳಿಸುವುದಿಲ್ಲ, ಮುಚ್ಚಿಡುತ್ತದೆ. ಒಂದು ಬದಿಗೆ ಭಾರವಾದ ಡ್ರೋನ್ ಮಟ್ಟವಾಗಿಯೇ ನಿಂತಿರುತ್ತದೆ. ಆ ಬದಿಯ ಮೋಟಾರುಗಳು ಮಾತ್ರ ಸದಾ ಹೆಚ್ಚು ದುಡಿದು ಬಿಸಿಯಾಗುತ್ತಿರುತ್ತವೆ. ಅದನ್ನು ಹಾರಿಸಿದ ಮಗುವಿಗೆ ಏನೂ ತಿಳಿಯುವುದಿಲ್ಲ. ಏಲೆರಾನ್ ತಿರುವುಮುರುವಾದಂತೆ ಗೈರೊದ ದಿಕ್ಕೂ ತಪ್ಪಾಗಿದ್ದರೆ ಅದು ವಿಮಾನವನ್ನು ಉಳಿಸುವ ಬದಲು ಇನ್ನೂ ಬೇಗ ಕೆಡವುತ್ತದೆ. ಅದನ್ನೂ ಮೇಜಿನ ಮೇಲೆಯೇ ನೋಡಬೇಕು.

ಬೆಂಗಳೂರಿನಲ್ಲಿ ಈ ಮಾತಿಗೆ ಹೆಚ್ಚು ತೂಕ ಇರಬೇಕು. ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್ ಹುಟ್ಟಿದ್ದು 1940ರಲ್ಲಿ, ಈ ನಗರದಲ್ಲೇ. ಅಲ್ಲಿ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಮತ್ತು ಅವರ ತಂಡ ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನು ರೂಪಿಸುವಾಗ, ಎಂಜಿನ್ ಹೊತ್ತ ವಿಮಾನ 1961ರಲ್ಲಿ ಹಾರುವುದಕ್ಕೂ ಮೊದಲು, ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಕಟ್ಟಲಾಯಿತು. 1959ರಿಂದ ಅದನ್ನು ಇನ್ನೊಂದು ವಿಮಾನಕ್ಕೆ ಕಟ್ಟಿ ಎಳೆದು, ಮೇಲೆ ಬಿಟ್ಟು, ಅದರ ನಡೆಯನ್ನು ಪರೀಕ್ಷಿಸಿದರು. ಮೊದಲು ಮರದಲ್ಲಿ ಕಟ್ಟಿ ತಿಳಿದುಕೊಳ್ಳುವ ಆ ಶಿಸ್ತು ಈ ನಗರದ ಚರಿತ್ರೆಯಲ್ಲೇ ಇದೆ.

ಹಣದ ನೆಪ ಹೇಳುವಂತಿಲ್ಲ. 2016ರಲ್ಲಿ ಶುರುವಾದ ಅಟಲ್ ಇನ್ನೊವೇಷನ್ ಮಿಷನ್ ಅಡಿಯಲ್ಲಿ ಟಿಂಕರಿಂಗ್ ಪ್ರಯೋಗಾಲಯ ಪಡೆದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ತೂಕ ಹೊಂದಿಸುವುದನ್ನು ಕಲಿಸಲು ಅದರ ಚೂರು ಸಾಕು: ಬ್ಯಾನರ್ ಅಂಗಡಿಯ ಸನ್‌ಪ್ಯಾಕ್ ಹಾಳೆ, ಥರ್ಮೊಕೋಲ್, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಎಂಟನೇ ತರಗತಿಯವರಿಗೆ ಮೋಟಾರೂ ಬೇಡ. ಕೈಯಿಂದ ಎಸೆಯುವ ಗ್ಲೈಡರಿನ ಮೂತಿಗೆ ಜೇಡಿಮಣ್ಣಿನ ಉಂಡೆ ಹಚ್ಚುತ್ತಾ ತೆಗೆಯುತ್ತಾ ಶಾಲೆಯ ಅಂಗಳದಲ್ಲೇ ಅರ್ಧ ಪಾಠ ಮುಗಿಯುತ್ತದೆ. ಮೋಟಾರು, ಸರ್ವೊಗಳು ಆಮೇಲೆ ಬರಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಸುತ್ತಿದರೆ ತಂತಿ, ಕನೆಕ್ಟರುಗಳಿಗೇನೂ ಕೊರತೆಯಿಲ್ಲ.

ಜಾಗದ ತೊಂದರೆ ಮಾತ್ರ ನಿಜವಾದದ್ದು. 2021ರ ಡ್ರೋನ್ ನಿಯಮಗಳು 25 ಕಿಲೊ ಮೀರದ, ಕಣ್ಣಳತೆಯಲ್ಲೇ ಹಾರುವ, ಕಲಿಕೆ ಮತ್ತು ಹವ್ಯಾಸದ ವಿಮಾನಗಳನ್ನು ‘ಮಾದರಿ’ ಎಂಬ ಪ್ರತ್ಯೇಕ ವರ್ಗವಾಗಿ ಗುರುತಿಸಿವೆ. ಇದು ಒಳ್ಳೆಯ ಹೆಜ್ಜೆ. ಆದರೆ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಸುತ್ತ ಆ ವೃತ್ತಗಳನ್ನು ಎಳೆದರೆ ಬೆಂಗಳೂರಿನ ಮಕ್ಕಳಿಗೆ ಉಳಿಯುವ ಬಯಲು ಎಷ್ಟೆಂದು ತಿಳಿಯುತ್ತದೆ. ಪ್ರತಿ ಜಿಲ್ಲೆಯಲ್ಲೂ ಒಂದು ಮೈದಾನವನ್ನು ವಾರಕ್ಕೊಂದು ಬೆಳಿಗ್ಗೆ ಮಾದರಿ ವಿಮಾನಗಳಿಗೆ ಮೀಸಲಿಡುವುದು ಜಿಲ್ಲಾಡಳಿತಕ್ಕೆ ದೊಡ್ಡ ಹೊರೆಯಲ್ಲ.

ಇನ್ನೊಂದು ಬದಲಾವಣೆಗೆ ಸರ್ಕಾರವೇ ಬೇಕಿಲ್ಲ. ಸ್ಪರ್ಧೆ ನಡೆಸುವ ಶಾಲೆ, ಕಾಲೇಜುಗಳು ಮನಸ್ಸು ಮಾಡಿದರೆ ಸಾಕು. ಅಂಕಗಳಲ್ಲಿ ಅರ್ಧವನ್ನು ನೆಲದ ಮೇಲಿನ ಕೆಲಸಕ್ಕೆ ಕೊಡಲಿ. ತೂಕ, ಗುರುತ್ವ ಕೇಂದ್ರ, ದಾರದ ಅಳತೆ, ಹಲಗೆಗಳ ದಿಕ್ಕು, ರೇಡಿಯೊ ಪರೀಕ್ಷೆ ಇಷ್ಟನ್ನು ಒಂದು ಹಾಳೆಯಲ್ಲಿ ತಂಡವೇ ಬರೆಯಲಿ. ನಿಜವಾದ ವಿಮಾನಗಳಲ್ಲಿ ನಿಯಂತ್ರಣ ತಂತಿಗಳನ್ನು ಜೋಡಿಸಿದ ಮೇಲೆ ಇನ್ನೊಬ್ಬ ತಂತ್ರಜ್ಞ ಬೇರೆಯಾಗಿ ಪರೀಕ್ಷಿಸುವ ಪದ್ಧತಿಯಿದೆ. ಇಲ್ಲಿಯೂ ಎದುರಾಳಿ ತಂಡದ ವಿದ್ಯಾರ್ಥಿಯೊಬ್ಬ ಬಂದು, ವಿಮಾನದ ಹಿಂದೆ ನಿಂತು, ‘ಬಲಕ್ಕೆ ಒತ್ತು’ ಎಂದು ಹೇಳಲಿ. ಏಲೆರಾನ್ ಎದ್ದದ್ದನ್ನು ತನ್ನ ಕಣ್ಣಾರೆ ನೋಡಲಿ, ತನ್ನ ಎರಡು ಬೆರಳ ಮೇಲೆ ವಿಮಾನವನ್ನು ಎತ್ತಿ ನಿಲ್ಲಿಸಲಿ, ಆಮೇಲೆ ಆ ಹಾಳೆಗೆ ಸಹಿ ಹಾಕಲಿ. ಸಹಿ ಬೀಳುವವರೆಗೆ ಪ್ರೊಪೆಲ್ಲರ್ ತೀರ್ಪುಗಾರರ ಮೇಜಿನ ಮೇಲೆಯೇ ಇರಲಿ.