ಕೊಲ್ಹಾಪುರದಲ್ಲಿ ಖೋಲಿ ಹಿಡಿಯುವ ಮಕ್ಕಳು, ಮತ್ತು ಆ ಕರಾರಿನ ಕಾಗದ

ಕಾಲೇಜು ಪ್ರವೇಶದ ಓಡಾಟ ಶುರುವಾಗಿದೆ. ನೂಲ, ಗಡಹಿಂಗ್ಲಜ, ಸಂಕೇಶ್ವರ, ನಿಪ್ಪಾಣಿ ಭಾಗದ ಮಕ್ಕಳು ಕೊಲ್ಹಾಪುರಕ್ಕೂ ಇಚಲಕರಂಜಿಗೂ ಹೋಗುತ್ತಾರೆ. ಹಾಸ್ಟೆಲಿನಲ್ಲಿ ಜಾಗ ಸಿಗದವರು ಹೊರಗೆ ಖೋಲಿ ಹಿಡಿಯುತ್ತಾರೆ. 2025ರ ಆಗಸ್ಟಿನಲ್ಲಿ ಮುಂಬೈ ಹೈಕೋರ್ಟಿನ ಸರ್ಕಿಟ್ ಪೀಠ ಕೊಲ್ಹಾಪುರದಲ್ಲಿ ಆರಂಭವಾದ ಮೇಲೆ ಆರು ಜಿಲ್ಲೆಗಳ ವಕೀಲರಿಗೂ ಅಲ್ಲಿ ಮನೆ ಬೇಕಾಗಿದೆ. ಬಾಡಿಗೆ ಇಳಿಯುವ ಲಕ್ಷಣ ನಮಗಂತೂ ಕಾಣುವುದಿಲ್ಲ. ಅವಸರದಲ್ಲಿ ತಂದೆತಾಯಿಗಳು ಡಿಪಾಜಿಟ್ ಕೊಟ್ಟು, ತೋರಿಸಿದಲ್ಲಿ ಸಹಿ ಹಾಕಿ ಸಂಜೆಯ ಬಸ್ಸಿಗೆ ಊರಿಗೆ ಮರಳುತ್ತಾರೆ.

ಗಡಿಯ ಎರಡೂ ಕಡೆ ಕಾಯ್ದೆ ಒಂದೇ ಅಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಬೆಳಗಾವಿ, ಧಾರವಾಡದಲ್ಲಿ ಹನ್ನೊಂದು ತಿಂಗಳ ಕರಾರು ಬರೆಯುವುದು ರೂಢಿ. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದೇ ಅದಕ್ಕೆ ಕಾರಣ. ನಮ್ಮವರು ಅದೇ ಲೆಕ್ಕವನ್ನು ಕೊಲ್ಹಾಪುರಕ್ಕೂ ಒಯ್ಯುತ್ತಾರೆ. ಅಲ್ಲಿ ಅದು ನಡೆಯುವುದಿಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ಎಷ್ಟೇ ತಿಂಗಳಿನದಾಗಿರಲಿ, ಲಿಖಿತವಾಗಿರಬೇಕು, ನೋಂದಣಿಯೂ ಆಗಬೇಕು. ಮಾಡಿಸುವ ಜವಾಬ್ದಾರಿ ಮನೆಮಾಲೀಕರದು. ತಪ್ಪಿದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಂದಣಿ ಇಲ್ಲದಿದ್ದಲ್ಲಿ, ಬೇರೆ ಸಾಬೀತಾಗುವವರೆಗೆ ಶರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ನಿಲ್ಲುತ್ತದೆ.

ಖರ್ಚು ಬಹಳ ಎಂದು ಮಾಲೀಕರು ಹೇಳುವುದುಂಟು. ಲೆಕ್ಕ ಹಾಕೋಣ. ತಿಂಗಳಿಗೆ 5,000ದಂತೆ ಹನ್ನೊಂದು ತಿಂಗಳಿಗೆ 55,000. ಮರಳಿ ಬರುವ ಡಿಪಾಜಿಟ್ 20,000 ಇದ್ದರೆ, ಅದರ ಮೇಲೆ ವರ್ಷಕ್ಕೆ ಶೇ. 10ರಂತೆ ಸುಮಾರು 1,833 ಸೇರಿಸಬೇಕು. ಒಟ್ಟು 56,833ಕ್ಕೆ ಶೇ. 0.25 ಮುದ್ರಾಂಕ ಶುಲ್ಕವೆಂದರೆ 142 ರೂಪಾಯಿ ಚಿಲ್ಲರೆ. ಮಹಾನಗರಪಾಲಿಕೆ ಹದ್ದಿನಲ್ಲಿ ನೋಂದಣಿ ಶುಲ್ಕ 1,000. ಏಜಂಟರ ಕೂಲಿ ಬೇರೆ. ನಾಲ್ಕು ಹುಡುಗರು ಹಂಚಿಕೊಂಡರೆ ಇದು ಭಾರವಲ್ಲ. ಆಧಾರ್ ಮತ್ತು ಹೆಬ್ಬೆಟ್ಟು ಇದ್ದರೆ ಆನ್‌ಲೈನಿನಲ್ಲಿಯೇ ಮುಗಿಯುತ್ತದೆ.

ಇನ್ನು ಮುಖ್ಯ ಮಾತು. ಅದೇ ಕಾಯ್ದೆಯ 24ನೇ ಕಲಮು, ಲೈಸೆನ್ಸ್ ಕರಾರಿನಲ್ಲಿ ಬರೆದದ್ದೇ ಅದರಲ್ಲಿನ ಸಂಗತಿಗಳಿಗೆ ನಿರ್ಣಾಯಕ ಪುರಾವೆ ಎನ್ನುತ್ತದೆ. ಬಾಯಲ್ಲಿ ಏನು ಹೇಳಿದ್ದರು ಎಂಬುದಕ್ಕೆ ಆಮೇಲೆ ಬೆಲೆ ಬರುವುದು ಕಷ್ಟ. ಮುದತ್ತು ಮುಗಿದ ಮೇಲೂ ಬಿಡದೆ ಕುಳಿತರೆ ಎರಡು ಪಟ್ಟು ಶುಲ್ಕ ಕೊಡಬೇಕಾಗುತ್ತದೆ. ಪರೀಕ್ಷೆ ಮುಂದಕ್ಕೆ ಹೋಗುವುದು ನಮ್ಮಲ್ಲಿ ಹೊಸದಲ್ಲ, ಆದ್ದರಿಂದ ಕೊನೆಯ ತಾರೀಖು ನೋಡಿಕೊಳ್ಳಿ.

ಆ ಕಾಗದ ಬಹುತೇಕ ಮರಾಠಿಯಲ್ಲಿರುತ್ತದೆ. ನಮ್ಮ ಮಕ್ಕಳು ಮರಾಠಿ ಮಾತಾಡುತ್ತಾರೆ. ಆದರೆ ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಕಚೇರಿಯ ಮರಾಠಿ ಬೇರೆಯೇ ಭಾಷೆ. 'ಅನಾಮತ ರಕ್ಕಮ' ಎಂದರೆ ಡಿಪಾಜಿಟ್. 'ಪರತಾವಾ' ಎಂದರೆ ಮರಳಿಸುವಂಥದ್ದು. ಅದರ ಹಿಂದೆ 'ನಾ' ಅಥವಾ 'ವಿನಾ' ಸೇರಿತ್ತೆಂದರೆ ಹಣ ಹೋಯಿತೆಂದೇ ತಿಳಿಯಿರಿ. ನಮ್ಮ ಸದಸ್ಯರೊಬ್ಬರ ಮಗ ಖೋಲಿ ಬಿಡುವಾಗ ಬಣ್ಣ ಬಳಿಸುವ ಖರ್ಚೆಂದು ಡಿಪಾಜಿಟಿನ ಅರ್ಧ ಹಿಡಿದುಕೊಂಡರು. ಕೇಳಲಿಕ್ಕೆ ಹೋದರೆ ಕಾಗದದಲ್ಲಿ ಆ ಸಾಲು ಇತ್ತು, ಕೆಳಗೆ ಹುಡುಗನ ಸಹಿಯೂ ಇತ್ತು. ಹತ್ತು ಸಾವಿರಕ್ಕಾಗಿ ಯಾರು ಕೋರ್ಟು ಹತ್ತುತ್ತಾರೆ? ಒಳಗೆ ಹೋಗುವ ದಿನವೇ ಗೋಡೆ, ನಳ, ಫ್ಯಾನು, ಕಿಟಕಿಗಳ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪಿನಲ್ಲಿ ಕಳಿಸಿಡಿ. ಬಾಡಿಗೆಗೆ ರಸೀದಿ ಕೇಳಿ. ಕೊಡುವುದು ಅವರ ಕರ್ತವ್ಯ, ಕೇಳಿದರೆ ಅಪಮಾನವೇನಿಲ್ಲ. ಫೋನಿನಲ್ಲಿ ಹಣ ಕಳಿಸಿದರೆ ಯಾವ ತಿಂಗಳಿನದೆಂದು ಬರೆಯಿರಿ.

ಹದಿನೆಂಟು ತುಂಬದವರ ಸಹಿಗೆ ಕರಾರು ಕಾಯ್ದೆಯಲ್ಲಿ ಬೆಲೆಯಿಲ್ಲ. ಮೊದಲ ವರ್ಷದ ಹುಡುಗರಲ್ಲಿ ಇಂಥವರು ಬಹಳ, ಅಲ್ಲಿ ತಂದೆಯೋ ತಾಯಿಯೋ ಸಹಿ ಹಾಕಬೇಕು. ನಾಲ್ವರು ಇರುವ ಖೋಲಿಗೆ ಒಬ್ಬನ ಹೆಸರಷ್ಟೇ ಹಾಕಿಸಿದರೆ, ಉಳಿದವರು ನಡುವೆ ಬಿಟ್ಟುಹೋದಾಗ ಪೂರ್ತಿ ಬಾಡಿಗೆ ಅವನ ತಲೆಗೆ ಬರುತ್ತದೆ. ನಾಲ್ವರ ಹೆಸರೂ ಇರಲಿ, ಎಷ್ಟು ದಿನದ ನೋಟಿಸು ಎಂಬುದೂ ಇರಲಿ. ಮಾಲೀಕರು ತಾವಿರುವ ಮನೆಯಲ್ಲೇ ಒಂದು ಭಾಗ ಕೊಟ್ಟರೆ ಅದು ಪೇಯಿಂಗ್ ಗೆಸ್ಟ್. ಕಾಯ್ದೆ ಅವರನ್ನು ಲೈಸೆನ್ಸಿ ಎಂದು ಎಣಿಸುವುದಿಲ್ಲ. ಅಲ್ಲಿ ಊಟ, ನೀರು, ಬಾಗಿಲು ಹಾಕುವ ಹೊತ್ತು ಎಲ್ಲವನ್ನೂ ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳಿ.

ಡಿಪಾಜಿಟ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಕೆಲವರು ವಾದಿಸುತ್ತಾರೆ. ಅದು 2021ರಲ್ಲಿ ಕೇಂದ್ರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ರಾಜ್ಯ ತನ್ನದಾಗಿ ಜಾರಿ ಮಾಡದ ಹೊರತು ಅದನ್ನು ತೋರಿಸಿ ಪ್ರಯೋಜನವಿಲ್ಲ, ಚೌಕಾಸಿ ಮಾಡುವುದೇ ದಾರಿ.

ಕಾಗದದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನೂ ಕೇಳಿ: 2019ರಲ್ಲಿ, 2021ರಲ್ಲಿ ಪಂಚಗಂಗೆಯ ನೀರು ಈ ಓಣಿಗೆ ಎಲ್ಲಿಯವರೆಗೆ ಬಂದಿತ್ತು? ಮಾಲೀಕರಿಗಿಂತ ಪಕ್ಕದ ಚಹಾ ಅಂಗಡಿಯವರನ್ನು ಕೇಳುವುದು ಒಳ್ಳೆಯದು. ನೆಲಮಹಡಿಯ ಖೋಲಿ ಅಗ್ಗವಾಗಿದ್ದರೆ ಕಾರಣ ಅದೇ ಇರಬಹುದು.

ತಂಟೆ ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಸಹಿ ಹಾಕುವ ಮೊದಲು ಕರಾರಿನ ಕರಡನ್ನು ಸಂಘಕ್ಕೆ ತಂದರೆ ಮರಾಠಿ ಬಲ್ಲ ನಮ್ಮ ಸದಸ್ಯರು ಕುಳಿತು ಕನ್ನಡದಲ್ಲಿ ಓದಿ ಹೇಳುತ್ತಾರೆ. ಇದಕ್ಕೆ ಶುಲ್ಕವಿಲ್ಲ. ಸಹಿ ಆದ ಮೇಲೆ ತಂದರೆ ಓದಿ ಹೇಳಬಹುದಷ್ಟೇ.