ಬಟ್ಟೆಯ ಒಳಮೈ

ಸಾಕ್ಷಿ ಎಂಬ ಶಬ್ದಕ್ಕೆ ಕಣ್ಣಾರೆ ಕಂಡವನು ಎಂದು ವೈಯಾಕರಣರು ಅರ್ಥ ಹೇಳುತ್ತಾರೆ. ಕೇಳಿ ಹೇಳುವವನು ಸಾಕ್ಷಿಯಲ್ಲ. ವ್ಯವಹಾರದಲ್ಲಿ ಸ್ವಂತ ಲಾಭವುಳ್ಳವನ ಮಾತನ್ನು ನಮ್ಮ ಧರ್ಮಶಾಸ್ತ್ರಕಾರರು ಸಾಕ್ಷ್ಯವೆಂದು ಅಂಗೀಕರಿಸುವುದಿಲ್ಲ. ಸಾಕ್ಷ್ಯಚಿತ್ರವೆಂದು ಹೆಸರಿಟ್ಟುಕೊಂಡು ಬರುವ ಚಲಚ್ಚಿತ್ರಗಳನ್ನು ನೋಡುವಾಗ ಗೃಹಸ್ಥರು ಈ ಎರಡು ಮಾತುಗಳನ್ನೂ ನೆನಪಿನಲ್ಲಿಡುವುದು ಒಳ್ಳೆಯದು. ಉಡುಗೆ ತೊಡುಗೆಗಳ ನವೋದ್ಯಮಗಳನ್ನು ಕುರಿತ ಚಿತ್ರಗಳ ವಿಷಯದಲ್ಲಂತೂ ಇದು ಅತ್ಯವಶ್ಯಕ.

ಇಂಥ ಚಿತ್ರಗಳ ಕಥಾಕ್ರಮವು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ವಿದ್ಯಾವಂತರಾದ ಯುವಕರೋ ಯುವತಿಯರೋ ಸಂಬಳದ ಕೆಲಸವನ್ನು ಬಿಟ್ಟು, ಸಾಲ ಮಾಡಿ, ಒಂದು ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರಗಳನ್ನಿಟ್ಟು ಕೆಲಸಕ್ಕೆ ಆರಂಭಿಸುತ್ತಾರೆ. ಮೊದಲು ನಷ್ಟ, ಬಳಿಕ ಕೀರ್ತಿ. ಅವರ ಸಾಹಸವು ಮೆಚ್ಚತಕ್ಕದ್ದೇ ಸರಿ. ಆದರೆ ಆ ಅಂಗಿಯನ್ನು ಹೊಲಿದ ಕೈ ಯಾರದು, ಆ ಕೈಗೆ ಸಂಜೆ ದೊರೆತ ಕೂಲಿ ಎಷ್ಟು ಎಂಬುದು ಅನೇಕ ಚಿತ್ರಗಳಲ್ಲಿ ಬರುವುದೇ ಇಲ್ಲ. ಹೊಲಿಗೆ ಬಲ್ಲ ಹೆಂಗಸರು ಅಂಗಡಿಯಲ್ಲಿ ಉಡುಪನ್ನು ಕೊಳ್ಳುವಾಗ ಅದನ್ನು ಮಗುಚಿ ಒಳಮೈಯ ಹೊಲಿಗೆಯನ್ನು ಪರೀಕ್ಷಿಸುತ್ತಾರಷ್ಟೆ. ಚಿತ್ರವನ್ನೂ ಹಾಗೆಯೇ ಮಗುಚಿ ನೋಡಬೇಕು. ಅದಕ್ಕೆ ಹಣ ಕೊಟ್ಟವರು ಯಾರು? ಸೂಜಿ ಹಿಡಿದವಳಿಗೆ ಅದರಲ್ಲಿ ಮಾತನಾಡಲು ಅವಕಾಶವುಂಟೆ?

ಈ ಪರೀಕ್ಷೆಗೆ ನಿಲ್ಲತಕ್ಕ ಚಿತ್ರವೊಂದು 2015ರಲ್ಲಿ ಹೊರಬಂದಿತು. ಅದರ ಹೆಸರು ‘ದಿ ಟ್ರೂ ಕಾಸ್ಟ್’, ಎಂದರೆ ನಿಜವಾದ ಬೆಲೆ. ನಿರ್ದೇಶಕರು ಅಮೆರಿಕದ ಆಂಡ್ರ್ಯೂ ಮಾರ್ಗನ್. ಅಗ್ಗದ ಉಡುಪು ಯಾರ ಬೆನ್ನಿನ ಮೇಲೆ ಹೊರೆಯಾಗಿ ಬೀಳುತ್ತದೆಂಬುದನ್ನು ಅವರು ಅನೇಕ ದೇಶಗಳಲ್ಲಿ ಸಂಚರಿಸಿ ಚಿತ್ರಿಸಿದ್ದಾರೆ. ನಮ್ಮ ಪಂಜಾಬಿನ ಹತ್ತಿಯ ಹೊಲಗಳಲ್ಲಿ ಎರಚುವ ಕೀಟನಾಶಕಗಳೂ, ಕಾನ್ಪುರದಲ್ಲಿ ಚರ್ಮ ಹದಮಾಡುವ ಕಾರ್ಖಾನೆಗಳಿಂದ ಗಂಗೆಗೆ ಹರಿಯುವ ಕೊಳೆಯೂ ಅದರಲ್ಲಿ ಬರುತ್ತವೆ. ಢಾಕಾ ನಗರದ ಹೊಲಿಗೆಯಾಕೆಯೊಬ್ಬಳು ತನ್ನ ಪುಟ್ಟ ಮಗಳನ್ನು ಹಳ್ಳಿಯಲ್ಲಿ ಹಿರಿಯರ ಬಳಿ ಬಿಟ್ಟು ಕೆಲಸಕ್ಕೆ ಹಿಂದಿರುಗುವ ಸಂದರ್ಭವನ್ನು ಕಂಡ ತಾಯಂದಿರು ಬೇಗ ಮರೆಯಲಾರರು.

ಆ ಚಿತ್ರದ ಹಿನ್ನೆಲೆಯಲ್ಲಿರುವ ದುರಂತವು ವಾಚಕರಲ್ಲಿ ಕೆಲವರಿಗೆ ನೆನಪಿರಬಹುದು. ಢಾಕಾದ ಸಮೀಪದ ಸಾವಾರ್ ಎಂಬಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತುಗಳ ಕಟ್ಟಡದಲ್ಲಿ ಹಲವು ಉಡುಪಿನ ಕಾರ್ಖಾನೆಗಳಿದ್ದುವು. 2013ನೆಯ ಏಪ್ರಿಲ್ 23ರಂದು ಗೋಡೆಗಳಲ್ಲಿ ಬಿರುಕುಗಳು ಕಾಣಿಸಿಕೊಂಡುವು. ಕೆಳಗಿನ ಅಂತಸ್ತುಗಳಲ್ಲಿದ್ದ ಬ್ಯಾಂಕೂ ಅಂಗಡಿಗಳೂ ಬಾಗಿಲು ಹಾಕಿದುವು. ಹೊಲಿಗೆಯವರನ್ನು ಮಾತ್ರ ಮರುದಿನ ಬೆಳಗ್ಗೆ ಕೆಲಸಕ್ಕೆ ಬರಲೇಬೇಕೆಂದು ಒಳಕ್ಕೆ ಕಳುಹಿಸಲಾಯಿತು. ಕಟ್ಟಡವು ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಅಂದಿನ ಕೂಲಿಯನ್ನು ಬಿಟ್ಟು ಮನೆಯಲ್ಲಿರುವ ಅನುಕೂಲ ಅವರಿಗಿರಲಿಲ್ಲ. ಆ ಬಳಿಕವೇ ದೊಡ್ಡ ವ್ಯಾಪಾರಸಂಸ್ಥೆಗಳೂ ಕಾರ್ಮಿಕ ಸಂಘಗಳೂ ಸೇರಿ ಕಟ್ಟಡಗಳ ಸುರಕ್ಷತೆಗಾಗಿ ಒಪ್ಪಂದವನ್ನು ಮಾಡಿಕೊಂಡುವು.

ಇದು ನೆರೆಯ ದೇಶದ ಮಾತೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿಯೂ ಹೆಂಗಸರೇ ಹೆಚ್ಚು. 2016ರ ಏಪ್ರಿಲಿನಲ್ಲಿ, ಭವಿಷ್ಯನಿಧಿಯ ಹಣವನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯುವುದಕ್ಕೆ ಅಡ್ಡಿಯಾಗುವ ಹೊಸ ನಿಯಮವು ಬಂದಾಗ, ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಕೇಂದ್ರ ಸರ್ಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ಮಗಳ ಮದುವೆಗೆ, ಗಂಡನ ಕಾಯಿಲೆಗೆ ಒದಗುವ ಹಣ ಅದೊಂದೇ ಎಂಬ ಮನೆಗಳು ಎಷ್ಟಿರುವುವೆಂಬುದು ಆಗ ನಗರಕ್ಕೆ ತಿಳಿಯಿತು.

ಹಾಗಾದರೆ ಬೇರೆ ದಾರಿಯುಂಟೆ? ಮೇಲೆ ಹೇಳಿದ ಚಿತ್ರದಲ್ಲಿಯೇ ಒಂದು ಚಿಕ್ಕ ಕಂಪನಿಯ ಪರಿಚಯವಿದೆ. ಸಾಫಿಯಾ ಮಿನ್ನಿ ಎಂಬ ಆಂಗ್ಲ ಮಹಿಳೆ ಜಪಾನಿನಲ್ಲಿ ಆರಂಭಿಸಿದ ‘ಪೀಪಲ್ ಟ್ರೀ’ ಎಂಬ ಆ ಸಂಸ್ಥೆಯು ಬಾಂಗ್ಲಾದೇಶದ ಹಳ್ಳಿಯ ಕುಶಲಿಗಳಿಂದ ಉಡುಪುಗಳನ್ನು ಮಾಡಿಸುತ್ತಿತ್ತು. ಕೆಲಸಕ್ಕೆ ತಕ್ಕ ಬೆಲೆ ಕೊಡಬೇಕು, ಕೆಲಸದವರಿಗೆ ಬೇಕಾದರೆ ಹಣದ ಒಂದು ಭಾಗವನ್ನು ಮುಂಗಡವಾಗಿ ಕೊಡಬೇಕು ಎಂಬುದು ನ್ಯಾಯ ವ್ಯಾಪಾರದ ಮುಖ್ಯ ನಿಯಮಗಳಲ್ಲಿ ಸೇರಿದೆ.

ಕನ್ನಡನಾಡಿನಲ್ಲಿ ಇದಕ್ಕೆ ಸಮಾನವಾದ, ನಮ್ಮ ದೃಷ್ಟಿಯಲ್ಲಿ ಇದಕ್ಕಿಂತಲೂ ಆಳವಾದ ಪ್ರಯತ್ನವು ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ನಡೆಯಿತು. ರಂಗನಿರ್ದೇಶಕರಾದ ಪ್ರಸನ್ನನವರ ಪ್ರೇರಣೆಯಿಂದ 1990ರ ದಶಕದಲ್ಲಿ ಹುಟ್ಟಿದ ‘ಚರಕ’ವು ಹೆಂಗಸರ ಸಹಕಾರ ಸಂಘ. ಸುತ್ತಣ ಹಳ್ಳಿಗಳ ಹೆಂಗಸರು ಅಲ್ಲಿ ನೂಲಿಗೆ ಬಣ್ಣ ಹಾಕಿ, ಕೈಮಗ್ಗದಲ್ಲಿ ನೆಯ್ದು, ಉಡುಪು ಹೊಲಿದರು. ‘ದೇಸಿ’ ಎಂಬ ಅಂಗಡಿಗಳು ಅವನ್ನು ನಗರಗಳಲ್ಲಿ ಮಾರಿದುವು. ಮಲೆನಾಡಿನಲ್ಲಿ ಹಸಿ ಅಡಕೆಯನ್ನು ಬೇಯಿಸಿದಾಗ ಉಳಿಯುವ ಚೊಗರು ಬಟ್ಟೆಗೆ ತಾಕಿದರೆ ಕಲೆ ಹೋಗುವುದಿಲ್ಲವೆಂದು ಮನೆಯವರು ಬೈಯುವುದುಂಟು. ಆ ಕಲೆಯನ್ನೇ ಇವರು ಕೆಂಗಂದು ಬಣ್ಣವಾಗಿ ಮಾಡಿಕೊಂಡರು! ಇದಕ್ಕಿಂತ ದೇಶೀಯವಾದ ನವೋದ್ಯಮವು ಯಾವುದಿದ್ದೀತು?

ಹೀಗಿದ್ದರೂ ಈ ಕಥೆಯು ಸುಖಾಂತವೆಂದು ಹೇಳಿ ಮುಗಿಸುವಂತಿಲ್ಲ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯು ಬಂದಾಗ, ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡವೆಂದು ಪ್ರಸನ್ನನವರು ಉಪವಾಸ ಕುಳಿತರು. 2020ರಲ್ಲಿ ಸಾಂಕ್ರಾಮಿಕದ ಕಾಲದಲ್ಲಿ ಮಾರಾಟವು ನಿಂತು, ಸಿದ್ಧವಾದ ಬಟ್ಟೆ ರಾಶಿ ಬಿದ್ದು, ತಾನು ರೋಗಗ್ರಸ್ತವಾಗಿರುವೆನೆಂದು ಚರಕವೇ ಬಹಿರಂಗವಾಗಿ ಸಾರಬೇಕಾಯಿತು. ಅದನ್ನು ಹೊಗಳಿ ಬರೆದವರೂ ಮಾತನಾಡಿದವರೂ ಆ ವೇಳೆಗೆ ಬೇಕಾದಷ್ಟು ಮಂದಿ ಇದ್ದರು. ಆದರೆ ಹೊಗಳಿಕೆಯಿಂದ ಮಗ್ಗಕ್ಕೆ ನೂಲು ಬರುವುದಿಲ್ಲ. ಬಟ್ಟೆಯನ್ನು ಕೊಂಡರೆ ಮಾತ್ರ ಬರುತ್ತದೆ. ನಮ್ಮ ಸ್ಥಳೀಯ ಉಡುಪಿನ ಉದ್ಯಮಗಳನ್ನು ಕುರಿತು ಚಿತ್ರ ತೆಗೆಯುವವರು ಈ ರಾಶಿ ಬಿದ್ದ ಬಟ್ಟೆಯ ಕೋಣೆಯನ್ನೂ ತೋರಿಸಿದರೆ ಪ್ರೇಕ್ಷಕರಿಗೆ ಹೆಚ್ಚು ಉಪಕಾರವಾದೀತು.

ಕೈಮಗ್ಗದ ಬಟ್ಟೆ ದುಬಾರಿ, ಸಂಸಾರಸ್ಥರಿಗೆ ಎಟಕುವುದಿಲ್ಲ ಎಂಬ ಆಕ್ಷೇಪಣೆಯು ನ್ಯಾಯವಾದದ್ದೇ. ಮೂರು ಮಕ್ಕಳಿಗೆ ಶಾಲೆಯ ಖರ್ಚು ಹೊಂದಿಸುವ ಗೃಹಿಣಿಗೆ ನಾವು ಉಪದೇಶ ಮಾಡಲಾರೆವು. ಆದರೆ ಉಪಾಧ್ಯಾಯರಿಗೆ ಅಭ್ಯಾಸವಾದ ಲೆಕ್ಕವೊಂದನ್ನು ಮುಂದಿಡುತ್ತೇವೆ. 400 ರೂಪಾಯಿಯ ಅಂಗಿಯು ನಾಲ್ಕು ತಿಂಗಳಿಗೆ ಜಾಳಾದರೆ ತಿಂಗಳಿಗೆ 100 ರೂಪಾಯಿ ಬಿದ್ದಂತಾಯಿತು. 1,200 ರೂಪಾಯಿಯ ಅಂಗಿಯು ಎರಡು ವರ್ಷ ಬಾಳಿದರೆ ತಿಂಗಳಿಗೆ 50 ರೂಪಾಯಿ ಮಾತ್ರ. ಬೆಲೆ ಹೆಚ್ಚಾದದ್ದೆಲ್ಲವೂ ಬಾಳಿಕೆ ಬರುವುದೆಂಬ ನಿಯಮವೇನೂ ಇಲ್ಲ. ಆದಕಾರಣವೇ ಒಳಮೈಯನ್ನು ನೋಡಿ ಕೊಳ್ಳಬೇಕೆಂದೆವು. ವರ್ಷಕ್ಕೆ ಹತ್ತು ಉಡುಪು ಕೊಳ್ಳುವ ಮನೆಯು ಆರನ್ನು ಕೊಂಡರೆ, ಉಳಿದ ಹಣದಲ್ಲಿ ಒಂದೆರಡನ್ನು ನೇಯ್ದವರ ಗುರುತು ತಿಳಿದ ಅಂಗಡಿಯಿಂದ ತರಬಹುದು.

ಗೃಹಸ್ಥರು ಮಕ್ಕಳೊಡನೆ ಕುಳಿತು ಇಂಥ ಚಿತ್ರವೊಂದನ್ನು ನೋಡಬೇಕೆಂದು ನಮ್ಮ ಸೂಚನೆ. ನೋಡಿದ ಮೇಲೆ ಮಕ್ಕಳು ಖಂಡಿತವಾಗಿಯೂ ಪ್ರಶ್ನೆ ಕೇಳುವರು: ನನ್ನ ಅಂಗಿಯನ್ನು ಹೊಲಿದವರು ಯಾರು ಎಂದು. ಉತ್ತರ ತಿಳಿಯದಿದ್ದರೆ ಮುಂದಿನ ಹಬ್ಬಕ್ಕೆ ಬಟ್ಟೆ ತರಲು ಹೋದಾಗ ಅಂಗಡಿಯವನನ್ನೇ ಆ ಪ್ರಶ್ನೆ ಕೇಳಿರಿ. ಹತ್ತು ಮನೆಯವರು ಕೇಳಿದರೆ ಅವನು ನಗಬಹುದು. ನೂರು ಮನೆಯವರು ಕೇಳಿದರೆ ತಿಳಿದುಕೊಂಡು ಬಂದು ಹೇಳುವನು.