ನಾಲ್ಕು ಊರು, ಒಂದು ಪುಟ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ: ಈ ನಾಲ್ಕು ಹೆಸರುಗಳನ್ನು ಕನ್ನಡದಲ್ಲಿ ಬರೆದಿಡಲು ನಮ್ಮ ಮೊಬೈಲ್ ಫೋನಿಗೆ ಎಷ್ಟು ಸ್ಥಳ ಬೇಕು? ಇಂದು ರೂಢಿಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ಅಕ್ಷರ, ಕಾಗುಣಿತ, ಒತ್ತು ಇವುಗಳ ಒಂದೊಂದು ಗುರುತಿಗೂ ಮೂರು ಬೈಟು. ನಾಲ್ಕೂರಿಗೆ ಒಟ್ಟು 35 ಗುರುತು. ಎಂದರೆ 105 ಬೈಟು.

ಆದರೆ ಯಂತ್ರದ ಮೆಮೊರಿಯಲ್ಲಿ 105 ಬೈಟನ್ನು ಚಿಲ್ಲರೆಯಾಗಿ ಕೊಡುವ ಪದ್ಧತಿ ಆಪರೇಟಿಂಗ್ ಸಿಸ್ಟಮ್ಮಿಗೆ ಇಲ್ಲ. ಅದು ಮೆಮೊರಿಯನ್ನು ಸಮಾನ ಅಳತೆಯ ‘ಪುಟ’ಗಳಾಗಿ ವಿಂಗಡಿಸಿ, ಕೇಳಿದವರಿಗೆ ಇಡೀ ಪುಟವನ್ನೇ ಒಪ್ಪಿಸುತ್ತದೆ. ಬಹುಕಾಲದಿಂದ ಈ ಪುಟದ ವಾಡಿಕೆಯ ಅಳತೆ 4,096 ಬೈಟು. ನಮ್ಮ ನಾಲ್ಕೂರಿಗಾಗಿಯೇ ಒಂದು ಪುಟ ಮೀಸಲಾದರೆ 3,991 ಬೈಟು ಬರಿದು. ಪುಟದ ಅಳತೆ 16,384 ಆದರೆ ಬರಿದಾಗುವುದು 16,279.

ಹಾಗಿದ್ದರೆ ಪುಟ ಚಿಕ್ಕದಿದ್ದಷ್ಟೂ ಲೇಸಲ್ಲವೇ? ಹಾಸನದ ಆಲೂಗಡ್ಡೆ ವ್ಯಾಪಾರಿಯನ್ನು ನೆನೆಯೋಣ. ಮೂಟೆ ಚಿಕ್ಕದಾದರೆ ಅರೆಬರೆ ತುಂಬಿದ ಮೂಟೆಯ ನಷ್ಟ ಕಡಿಮೆ. ಆದರೆ ಮೂಟೆಗಳ ಲೆಕ್ಕ ಬೆಳೆಯುತ್ತದೆ. ಯಂತ್ರವೂ ಯಾವ ಪುಟ ಎಲ್ಲಿದೆ ಎಂಬ ಲೆಕ್ಕವನ್ನಿಡಬೇಕು. 4 ಜಿಬಿ ಮೆಮೊರಿಯಲ್ಲಿ ಚಿಕ್ಕ ಪುಟಗಳು 10,48,576. ದೊಡ್ಡವು 2,62,144 ಮಾತ್ರ. ಲೆಕ್ಕ ಕಾಲುಭಾಗಕ್ಕಿಳಿದರೆ ಹುಡುಕಾಟದ ವೇಳೆಯೂ ಉಳಿಯುತ್ತದೆ.

ಈ ತಕ್ಕಡಿ ಹೊಸದಲ್ಲ. 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರವು 512 ಪದಗಳ ಪುಟಗಳಿಂದ ಕೆಲಸ ನಡೆಸಿತು. 1985ರ ಇಂಟೆಲ್ 80386 ಚಿಪ್ಪು 4,096 ಬೈಟಿನ ಪುಟವನ್ನು ಮನೆಮನೆಯ ಯಂತ್ರಗಳಿಗೆ ತಂದಿತು. ಅಂದು ಮೆಮೊರಿ ದುಬಾರಿ, ಪೋಲು ಪಾಪ. ಇಂದು ಮೆಮೊರಿ ಹೇರಳ, ವೇಳೆಯೇ ದುಬಾರಿ. 2024ರ ಆಂಡ್ರಾಯ್ಡ್ 15ರಲ್ಲಿ 16,384 ಬೈಟಿನ ಪುಟಕ್ಕೂ ಅವಕಾಶ ದೊರೆಯಿತು. ಮೆಮೊರಿ ಇಕ್ಕಟ್ಟಾದಾಗ ಆ್ಯಪುಗಳು ತೆರೆಯುವ ವೇಳೆ ಇದರಿಂದ ಸರಾಸರಿ ಶೇಕಡಾ 3.16ರಷ್ಟು ತಗ್ಗಿತೆಂದು ಗೂಗಲ್ ಸಂಸ್ಥೆ ತಿಳಿಸಿದೆ.

ಲಾಭವೇನೋ ಸರಿ, ತೊಡಕು ಇರುವುದು ಹಳೆಯ ಆ್ಯಪುಗಳಲ್ಲಿ. ಸಿ ಮೊದಲಾದ ಭಾಷೆಗಳಲ್ಲಿ ರಚಿತವಾದ ಭಾಗಗಳುಳ್ಳ ಅನೇಕ ಆ್ಯಪುಗಳನ್ನು 4,096ರ ಗಡಿಗೆ ಹೊಂದಿಸಿಯೇ ಕಟ್ಟಲಾಗಿತ್ತು. ಹೊಸ ಅಳತೆಯ ಫೋನಿನಲ್ಲಿ ಅವು ಕೂರದೆ ಹೋಗಬಹುದು. ಇಂಥವುಗಳಲ್ಲಿ ಕೆಲವನ್ನು ಹೇಗೋ ನಡೆಸುವ ಏರ್ಪಾಟು 2025ರ ಆಂಡ್ರಾಯ್ಡ್ 16ರಲ್ಲಿದೆ. ಆಂಡ್ರಾಯ್ಡ್ 15 ಮತ್ತು ಅನಂತರದ ಆವೃತ್ತಿಗಳನ್ನು ಉದ್ದೇಶಿಸಿದ ಆ್ಯಪುಗಳು ದೊಡ್ಡ ಪುಟಕ್ಕೂ ಒಗ್ಗಬೇಕೆಂಬ ನಿಯಮವನ್ನು ಗೂಗಲ್ ಪ್ಲೇ 2025ರ ನವೆಂಬರ್ 1ರಿಂದ ತಂದಿತು.

ದೊಡ್ಡ ಸಂಸ್ಥೆಗಳಿಗೆ ಇದು ಕೆಲವು ದಿನಗಳ ಕೆಲಸ. ಆದರೆ ಉತ್ಸಾಹದಿಂದ ಒಬ್ಬರೇ ಕಟ್ಟಿ, ಬಳಿಕ ಕೈಬಿಟ್ಟ ಕನ್ನಡದ ಆ್ಯಪನ್ನು ಹೊಸ ಅಳತೆಗೆ ಹೊಂದಿಸುವವರಾರು? ಅರಕಲಗೂಡಿನ ಅಜ್ಜಿಯೊಬ್ಬರು ನಿತ್ಯವೂ ನೋಡುವ ಪಂಚಾಂಗ ಅಂಥದ್ದೇ ಆಗಿದ್ದರೆ, ಮೊಮ್ಮಗ ಪ್ರೀತಿಯಿಂದ ಕೊಡಿಸಿದ ಹೊಸ ಫೋನಿನಲ್ಲಿ ಅದು ತೆರೆಯದೆ ಹೋದೀತು. ಅಜ್ಜಿ ದೋಷವನ್ನು ತಮ್ಮ ಬೆರಳಿಗೇ ಹೊರಿಸಿಕೊಂಡಾರು.

ಆದುದರಿಂದ ವಾಚಕರು ಫೋನು ಬದಲಿಸುವ ಮುನ್ನ ಮನೆಮಂದಿ ನೆಚ್ಚಿದ ಆ್ಯಪಿಗೆ ಈಚಿನ ತಿದ್ದುಪಡಿ ಬಂದಿದೆಯೇ ಎಂದು ವಿಚಾರಿಸುವುದು ಒಳಿತು. ಅದರಲ್ಲಿ ಬರೆದಿಟ್ಟ ಲೆಕ್ಕ, ಟಿಪ್ಪಣಿಗಳಿದ್ದರೆ ಪ್ರತಿಯೊಂದನ್ನು ಬೇರೆಡೆ ತೆಗೆದಿಡಿ. ಹಳೆಯ ಫೋನನ್ನು ಹೊಸದು ಮನೆಗೆ ಒಗ್ಗುವವರೆಗಾದರೂ ಮಾರಬೇಡಿ.